ಪುಪ್ಪುಸದ ಬಿ.ಪಿ. ಅಳೆದದ್ದು

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಟೋಕನ್ ತಗೊಂಡು ಒಳಗೆ ಬರುತ್ತದೆ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ನಾನು ಹೊಸಪೇಟೆಯ ಒಬ್ಬ ಹೃದಯದ ಡಾಕ್ಟರ ಹತ್ತಿರ ರಿಪೋರ್ಟ್ ಬರೆಯುತ್ತಿದ್ದೆ. ಇಂಗ್ಲಿಷ್ ಮೀಡಿಯಂ ಹುಡುಗಿ, ಸ್ಪೆಲ್ಲಿಂಗ್ ತಪ್ಪುವುದಿಲ್ಲ, ಮಾತೂ ಆಡುವುದಿಲ್ಲ ಎಂದು ಅವರಿಗೆ ಸಮಾಧಾನ. ಬಾಯಿ ಮುಚ್ಚಿದ್ದಕ್ಕೇ ಇಷ್ಟೆಲ್ಲ ಕಿವಿಗೆ ಬಿತ್ತು. ಕೆಳಗಿನ ನಾಲ್ಕೂ ಒಬ್ಬಳೇ ಪೇಷಂಟಿನವು.

೧. ಪಟ್ಟಿ

ಪಾಪಿನಾಯಕನಹಳ್ಳಿಯ ಸೊಸೆ, ಮೂವತ್ತು ದಾಟಿರಲಿಲ್ಲ. ಅದಿರಿನ ಯಾರ್ಡಿನಲ್ಲಿ ಕಲ್ಲು ಆರಿಸುತ್ತಿದ್ದವಳಿಗೆ ಈಗ ನಾಲ್ಕು ಹೆಜ್ಜೆಗೇ ಏದುಸಿರು. ಕೆಲಸ ತಪ್ಪಿಸಿಕೊಳ್ಳಲು ನಾಟಕ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದನ್ನು ಡಾಕ್ಟರ ಬಾಯಿಂದ ಹೇಳಿಸಲು ಗಂಡನೂ ಅತ್ತೆಯೂ ಜೊತೆಗೆ ಬಂದಿದ್ದರು. ರೋಗ ಇದೆ ಎಂದು ಕಾಗದದ ಮೇಲೆ ಬಂದರೆ ಮಾತ್ರ ಅವಳಿಗೆ ಕೂರಲು ಅಪ್ಪಣೆ.

ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬಿ.ಪಿ. ಸರಿಯಾಗಿತ್ತು.

“ನಾ ಹೇಳ್ಲಿಲ್ಲೇನು?” ಅಂದರು ಅತ್ತೆ.

“ಇದು ಕೈಯಾಂದಮ್ಮಾ. ಪುಪ್ಪುಸದ ರಕ್ತನಾಳದಾಗ ಬ್ಯಾರೆ ಬಿ.ಪಿ. ಇರ್ತೈತಿ, ಅದು ಏರಿರಬೇಕು. ಅಲ್ಲಿಗೆ ಪಟ್ಟಿ ಕಟ್ಟಾಕ ಬರಂಗಿಲ್ಲ,” ಅಂದರು ಡಾಕ್ಟರು.

“ನನಗೂ ಬಿ.ಪಿ. ಐತ್ರಿ,” ಅತ್ತೆ ಬಿಡಲಿಲ್ಲ. “ಕೈಯಾಗ ಐತಿ, ಎಲ್ರಿಗೂ ಕಾಣತೈತಿ. ಇಕಿದು ಒಳಗ ಹೋಗಿ ಯಾಕ ಕುಂತೈತಿ? ಮೊದಲಿಂದ್ಲೂ ಇಕಿ ಹಂಗ, ಎಲ್ಲಾ ಮುಚ್ಚಿಡ್ತಾಳ.”

೨. ಅಂದಾಜು

ಡಾಕ್ಟರು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರು. “ಹೃದಯದ ಬಲಭಾಗ ಊದೈತಿ. ಪುಪ್ಪುಸದಾಗ ಒತ್ತಡ ಭಾಳ ಐತಿ. ಆದ್ರ ಎಕೋ ಹೇಳೋದು ಅಂದಾಜು. ಖರೇ ಅಳತಿ ಬೇಕಂದ್ರ ಬೆಂಗಳೂರಿನಾಗ ನರದೊಳಗಿಂದ ಸಣ್ಣ ಕೊಳವಿ ಹೃದಯಕ್ಕ ಬಿಟ್ಟು ನೋಡಬೇಕು.”

ಗಂಡ ಯಾರ್ಡಿನಲ್ಲಿ ಲಾರಿ ತುಂಬಿಸುವ ಮೇಸ್ತ್ರಿ. “ಅಂದಾಜ ಸಾಕ್ರಿ ಸಾರ್. ನಮ್ಮ ಲಾರಿ ಒಂದೂ ತೂಕದ ಮುಖ ನೋಡಿಲ್ಲ. ಎಲ್ಲಾ ಅಂದಾಜಿನ ಮ್ಯಾಲ ಬಂದರು ಮುಟ್ಟತಾವ.”

“ಹಾದ್ಯಾಗ ಆಕ್ಸೆಲ್ ಮುರ್ಕೊಂಡು ಕೂಡ್ತಾವಲ್ಲಪ್ಪಾ?”

“ಅದು ಓನರಿನ ತಲಿಬ್ಯಾನಿ ಬಿಡ್ರಿ.”

ಡಾಕ್ಟರು ಅವನ ಹೆಂಡತಿಯ ಕಡೆ ನೋಡಿದರು. ಅವನೂ ನೋಡಿದ, ಓನರ್ ಯಾರೋ ಎಂಬಂತೆ.

೩. ಪಾಳಿ

ಆಮೇಲೆ ಆರು ನಿಮಿಷದ ನಡಿಗೆ. ಕಾರಿಡಾರಿನಲ್ಲಿ ಟೇಪು ಹಿಡಿದು ಗುರುತು ಹಾಕಿದವಳು ನಾನೇ. ತನ್ನ ಹೆಜ್ಜೆಯಲ್ಲಿ ನಡೆಯಬೇಕು, ಸುಸ್ತಾದರೆ ನಿಲ್ಲಬಹುದು. ಎಷ್ಟು ದೂರ ಹೋದಳು ಎನ್ನುವುದರಿಂದ ರೋಗ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತದೆ.

ನಾಲ್ಕನೇ ನಿಮಿಷಕ್ಕೆ ಅವಳು ಗೋಡೆ ಹಿಡಿದಳು. ತುಟಿ ನೀಲಿಗಟ್ಟಿತ್ತು. ಗಂಡ ಬೆಂಚಿನಿಂದ ಎದ್ದ. ಹಿಡಿದುಕೊಳ್ಳುತ್ತಾನೆ ಅಂದುಕೊಂಡೆ. ಅವಳು ನಿಂತ ಜಾಗದಿಂದ ತಾನೇ ಬಿರಬಿರನೆ ನಡೆಯತೊಡಗಿದ!

“ಇದೇನ್ರಿ?”

“ಉಳಿದ ಎಲ್ಡು ನಿಮಿಷ ನಾ ಮುಗಿಸ್ತೀನಿ ಮೇಡಂ. ಯಾರ್ಡಿನಾಗ ಒಬ್ರಿಗೆ ಆಗಲಿಲ್ಲಂದ್ರ ಮನಿಯವ್ರು ಪಾಳಿ ಮುಗಿಸ್ತಾರ. ಹಾಜರಿ ಅಕಿ ಹೆಸರಿಗೇ ಹಾಕ್ಕೊಳ್ರಿ.”

ಮದುವೆಯಾದಾಗಿನಿಂದ ಅವಳ ಕೆಲಸ ಅವನು ಹಂಚಿಕೊಂಡದ್ದು ಇದೇ ಮೊದಲಿರಬೇಕು. ಅತ್ತೆಗೆ ನೋಡಲಾಗಲಿಲ್ಲ, ಮುಖ ತಿರುಗಿಸಿದರು.

೪. ರಿಪೋರ್ಟ್

ಡಾಕ್ಟರು ವಾರ್ಡಿಗೆ ಹೋಗಿದ್ದರಿಂದ ಓದಿ ಹೇಳುವ ಕೆಲಸ ನನಗೆ ಬಿತ್ತು. ಪುಪ್ಪುಸದ ಬಿ.ಪಿ. ತೀವ್ರವಾಗಿದೆ. ಭಾರ ಎತ್ತಕೂಡದು. ತಡಮಾಡದೆ ಬೆಂಗಳೂರಿಗೆ ಹೋಗಬೇಕು. ಅವಳು ಮೊದಲ ಸಲ ತಲೆ ಎತ್ತಿ ಗಂಡನ ಮುಖ ನೋಡಿದಳು. ನಾಟಕ ಅಲ್ಲ ಎಂದು ಸೀಲು ಬಿದ್ದಿತ್ತು.

ಅವನು ಕಾಗದದ ಮೇಲೆ ಬೆರಳಿಟ್ಟ. “ಎಷ್ಟು ನಡದಾಳಂತ ಬರ್ದೀರಿ?”

“ಇನ್ನೂರು ಮೀಟರ್. ಅದೂ ನಿಂತು ನಿಂತು.”

ಅವನ ಮುಖ ಅರಳಿತು. “ಯವ್ವಾ, ನಮ್ಮ ನಳ ಐವತ್ತು ಮೀಟರೂ ಇಲ್ಲ. ಎಲ್ಡು ಸಲ ಹೋಗಿ ಬರಬೌದು!”

ನನಗೆ ಏನಾಯಿತೋ, ಕಾರಿಡಾರೆಲ್ಲ ತಿರುಗಿ ನೋಡುವಂತೆ ಕೂಗಿದೆ: “ಬರೋವಾಗ ತುಂಬಿದ ಕೊಡ ಇರ್ತದಲ್ರೀ! ಭಾರ ಎತ್ತಬಾರದು ಅಂತ ಈಗ ತಾನೇ ಓದಿದೆ!”

ಅತ್ತೆ ಎದ್ದು ಬಂದು ನನ್ನ ತೋಳು ಸವರಿದರು.

“ಸಿಟ್ಟಾಗಬ್ಯಾಡವ್ವಾ. ನಾವೂ ಮನುಷ್ಯಾರ. ಇವತ್ತಿಂದ ಅಕಿ ಅರ್ಧ ಕೊಡನ ತರ್ಲಿ. ಎಲ್ಡು ಸಲದ ಬದ್ಲಿ ನಾಕು ಸಲ ಹೋಗ್ತಾಳ.”