ಠಾಕುರ್ಲಿಯ ಕೋಚ್ ಮತ್ತು ದೇವರ ತಕ್ಕಡಿ

ಉದ್ದ ಇರುವವರಿಗೆ ನಗೆಪಾಟಲಿನ ಸಂಗತಿಗಳು ತಾವಾಗಿಯೇ ಬಂದು ತಲೆಗೆ ತಗಲುತ್ತವೆ. ಹೀಗೆಂದು ನನಗೆ ಮೊದಲು ಹೇಳಿದವರು ಡೊಂಬಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ತಬಲಾ ಬಾರಿಸುವ ಶೇಖರಣ್ಣ. ಅವರ ಅಕ್ಕನ ಗಂಡ ದೊಡ್ಡ ಕಂಪನಿಯೊಂದರ ತಂಡಕ್ಕೆ ಸಂಬಳಕ್ಕೆ ಬಾಸ್ಕೆಟ್‌ಬಾಲ್ ಆಡಿ, ನಿವೃತ್ತರಾಗಿ, ಠಾಕುರ್ಲಿಯ ತಮ್ಮ ಸೊಸೈಟಿಯಲ್ಲೇ ಹುಡುಗಿಯರಿಗೆ ಕೋಚ್ ಆದವರು. ನಮಗೆಲ್ಲ ಅವರು ಕೋಚ್ ಭಾವ.

ಲೋಕಲ್ ಗಾಡಿ

ಇದು ಅವರು ಆಡುತ್ತಿದ್ದ ಕಾಲದ್ದು. ಠಾಣೆಯಲ್ಲಿ ಗಾಡಿ ಹತ್ತಿದರೆ ಸಾಕು, ಜನ ತಮ್ಮ ಬ್ಯಾಗುಗಳನ್ನು ಇವರ ಕೈಗೆ ಕೊಡುವುದು. ಇವರು ಮೇಲಿನ ರ‍್ಯಾಕಿಗೆ ಏರಿಸುವುದು. ಒಂದು ಸಂಜೆ ಠಾಕುರ್ಲಿಯಲ್ಲಿ ಇಳಿಯಲು ಹೊರಟರೆ ಮುಂದಿನ ಸ್ಟೇಶನ್ನಾದ ಕಲ್ಯಾಣದವರು ಬಿಡಬೇಕಲ್ಲ!

"ಓ ಲಂಬೂ ಭಾವು, ಎಲ್ಲಿಗೆ? ನಮ್ಮ ಬ್ಯಾಗ್ ಇಳಿಸುವವರು ಯಾರು?"

ಕಲ್ಯಾಣದವರೆಗೆ ಹೋಗಿ, ಎಲ್ಲರ ಬ್ಯಾಗನ್ನೂ ಇಳಿಸಿಕೊಟ್ಟು, ಪುಣ್ಯ ಕಟ್ಟಿಕೊಂಡು ಮನೆಗೆ ಬಂದರು. ಅವರದೊಂದು ಬ್ಯಾಗ್ ಮಾತ್ರ ರ‍್ಯಾಕಿನಲ್ಲೇ ಮುಂದೆ ಹೋಗಿತ್ತು.

ಹಪ್ಪಳ

ಸೊಸೈಟಿಯ ಕಮಿಟಿಗೆ ಆಟದ ಕೋರ್ಟನ್ನು ಪಾರ್ಕಿಂಗ್ ಮಾಡುವ ಆಸೆ. ಸೆಕ್ರೆಟರಿ ಖಂಡಿತವಾಗಿ ಹೇಳಿದರು: "ಈ ಸಲ ಟೂರ್ನಮೆಂಟಿನಲ್ಲಿ ಹುಡುಗಿಯರಿಗೆ ಕಪ್ ಬಂದರೆ ಕೋರ್ಟ್ ಉಳಿಯಿತು. ಇಲ್ಲವಾದರೆ ಕಾರು ನಿಂತಿತು."

ಮಾರನೆಯ ಬೆಳಿಗ್ಗೆ ಕೋಚ್ ಭಾವ ಬಂದು ನೋಡಿದರೆ ಕೋರ್ಟಿನ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ಒಳ್ಳೆಯ ಬಿಸಿಲನ್ನು ನಮ್ಮೂರ ಹೆಂಗಸರು ಸುಮ್ಮನೆ ಹೋಗಗೊಟ್ಟಾರೆಯೇ?

"ಅಲ್ಲ ಅಕ್ಕಾ, ಮಕ್ಕಳು ಆಡುವುದು ಬೇಡವಾ?"

"ಆಡಲಿ ಮಾರಾಯ್ರೇ, ಬೇಡ ಅಂದದ್ದು ಯಾರು? ಹಪ್ಪಳ ಮೆಟ್ಟದೆ ಆಡಲಿ!"

ಹುಡುಗಿಯರು ಚಾಪೆಗಳ ಸಂದಿಯಲ್ಲೇ ಚೆಂಡು ಪುಟಿಸುತ್ತ ಓಡಲು ಕಲಿತರು. ಐರೋಲಿಯ ಮೊದಲ ಪಂದ್ಯದಲ್ಲಿ ಗೆದ್ದಾಗ ಎದುರು ತಂಡದ ಕೋಚ್ ಬೆರಗಾಗಿ ಕೇಳಿದ, "ಯಾರಿಗೂ ತಾಗದೆ ಹೇಗೆ ನುಸುಳುತ್ತಾರೆ ಸರ್? ಇದು ಯಾವ ಟೆಕ್ನಿಕ್?"

ಭಾವ ಗಂಭೀರವಾಗಿ ಹೇಳಿದರು: "ಹಲಸಿನದು."

ಹರಕೆ

ಘೋಡಬಂದರ್ ರಸ್ತೆಯ ಕಾಂಪ್ಲೆಕ್ಸಿನಲ್ಲಿ ಫೈನಲ್. ನಾನೂ ಹೋಗಿದ್ದೆ. ಕೊನೆಯ ಗಳಿಗೆಯಲ್ಲಿ ಎರಡೂ ತಂಡ ಸಮಸಮ. ನಮ್ಮ ಹುಡುಗಿಗೆ ಯಾರ ಅಡ್ಡಿಯೂ ಇಲ್ಲದೆ ಚೆಂಡೆಸೆಯಲು ಒಂದು ಫ್ರೀ ಥ್ರೋ. "ಟೆನ್ಶನ್ ನಕೋ ಸರ್," ಎಂದು ಅವಳೇ ಭಾವನಿಗೆ ಧೈರ್ಯ ಹೇಳಿದಳು. ಚೆಂಡು ಬಾಸ್ಕೆಟಿನ ಬಳೆಯ ಅಂಚಿನಲ್ಲಿ ಸುತ್ತತೊಡಗಿತು. ನನ್ನ ಪಕ್ಕದಲ್ಲಿ ಭಾವನ ಹೆಂಡತಿ ಕೈಮುಗಿದು ಕೂಗಿದರು: "ದೇವರೇ, ಅದೊಂದು ಒಳಗೆ ಬೀಳಲಿ, ಇವರಿಗೆ ತೆಂಗಿನಕಾಯಿ ತುಲಾಭಾರ ಮಾಡಿಸುತ್ತೇನೆ!"

ಬಿತ್ತು. ಕೋರ್ಟ್ ಉಳಿಯಿತು. ಸಾವಿರಾರು ಜನರೆದುರು ಅಳುಕದೆ ಆಡಿದ ಮನುಷ್ಯ ಕುರ್ಚಿಯಲ್ಲಿ ಕುಸಿದು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮುಂದಿನ ಶನಿವಾರ ದೇವಸ್ಥಾನ. ಭಾವ ತಕ್ಕಡಿಯಲ್ಲಿ ಕೂತರೆ ಕಾಲು ಸೀದಾ ನೆಲದಲ್ಲಿ, ಭಾರವೂ ಅಲ್ಲೇ! ಮತ್ತೊಂದು ತಟ್ಟೆಗೆ ನಾಲ್ಕು ಕಾಯಿ ಬೀಳುತ್ತಲೇ ಭಾವ ಮೇಲೆ ಹೋದರು.

"ದೇವರಿಗೇ ಮೋಸವಾ? ಕಾಲು ಮಡಚಿ!" ಎಂದರು ಹೆಂಡತಿ.

"ಈ ಮೊಣಕಾಲು ಮಡಚುತ್ತಿದ್ದರೆ ನಾನು ಕೋಚ್ ಯಾಕೆ ಆಗುತ್ತಿದ್ದೆ ಮಾರಾಯ್ತಿ, ಇನ್ನೂ ಆಡುತ್ತಿದ್ದೆ!"

ಹುಡುಗಿಯರೆಲ್ಲ ಓಡಿಬಂದು ಅವರ ಕಾಲೆತ್ತಿ ಹಿಡಿದರು. ಹೆಂಡತಿಗೆ ಸಮಾಧಾನವಿಲ್ಲ: "ಭಟ್ರೇ, ಕಾಲಿನ ಭಾರ ಮಕ್ಕಳ ಕೈಗೆ ಹೋಯಿತಲ್ಲ, ಹರಕೆ ಸಂದೀತಾ?"

ಭಟ್ಟರು ಭಾವನ ಮೊಣಕಾಲಿನ ಹೊಲಿಗೆಯ ಗುರುತು ನೋಡಿ, ನಿಧಾನವಾಗಿ ಹೇಳಿದರು: "ಸಂದೀತಮ್ಮ. ಕಾಲನ್ನು ಇವರು ಕಂಪನಿಗೆ ಕೊಟ್ಟು ಮುಗಿದಿದೆ. ದೇವರಿಗೆ ಉಳಿದದ್ದು ಸಾಕು."

ಮೊಣಕಾಲು ನೋವಿನವರು ಯಾರಾದರೂ ಸಿಕ್ಕರೆ ಇದನ್ನು ತಪ್ಪದೆ ಹೇಳಿ. ನಗುವಷ್ಟು ಹೊತ್ತಾದರೂ ನೋವು ಮರೆತಾರು.