ಪುಟ ನಲವತ್ತೊಂದರ ಆರು ಸಾವುಗಳು

ನಮ್ಮ ದೊಡ್ಡಪ್ಪ ತಮ್ಮ ಜೀವಮಾನದಲ್ಲಿ ಒಂದು ಇರುವೆಯನ್ನೂ ಕೊಂದವರಲ್ಲ. ಮನುಷ್ಯರನ್ನು ಮಾತ್ರ ಕೊಂದಿದ್ದಾರೆ. ಅದೂ ಒಬ್ಬಿಬ್ಬರನ್ನಲ್ಲ, ಆರು ಜನರನ್ನು, ಒಂದೇ ಪುಟದಲ್ಲಿ! ಸತ್ತವರೆಲ್ಲ ಆಮೇಲೂ ಮೂರು ಹೊತ್ತು ಉಂಡುಕೊಂಡು ಆರೋಗ್ಯವಾಗಿಯೇ ಇದ್ದರು ಎನ್ನುವುದು ಬೇರೆ ಮಾತು.

ದೊಡ್ಡಪ್ಪ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಮಾಡಿದ ಬೋಲ್ಟುಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುವುದು ಅವರ ಕೆಲಸ. ನಿವೃತ್ತರಾದ ಮೇಲೆ ಎಸೆಯಲು ಬೋಲ್ಟು ಸಿಗಬೇಕಲ್ಲ? ದೊಡ್ಡಮ್ಮನ ಚಪಾತಿಗಳಿಗೆ ಗಂಡಾಂತರ ಶುರುವಾಯಿತು. ಈ ಕಡೆ ದಪ್ಪ, ಆ ಕಡೆ ತೆಳು ಎಂದು ದಿನಾ ವರದಿ ಕೇಳಿ ಸಾಕಾದ ದೊಡ್ಡಮ್ಮ, ಏನಾದರೂ ಬರೆದುಕೊಂಡು ಒಂದು ಮೂಲೆಯಲ್ಲಿ ಕೂತುಕೊಳ್ಳಿ ಎಂದುಬಿಟ್ಟರು. ಮದುವೆಯಾದಂದಿನಿಂದ ಅವರು ಹೆಂಡತಿಯ ಮಾತು ಕೇಳಿದ್ದು ಅದೊಂದೇ ಸಲ. ಅದರ ಫಲವೇ ನಮ್ಮ ವಂಶದ ಇತಿಹಾಸ.

ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಯಾರ ಮನೆ ಎಲ್ಲಿತ್ತು, ಯಾರ ಹೊಲದಲ್ಲಿ ಈಗ ಯಾವ ಲೇಔಟಿನ ಎಷ್ಟನೇ ಅಡ್ಡರಸ್ತೆ ಹಾದಿದೆ, ಯಾರಿಗೆ ಯಾರು ಹುಟ್ಟಿದರು ಎಂಬುದೆಲ್ಲ ಅದರಲ್ಲಿತ್ತು. ಹೆಣ್ಣುಮಕ್ಕಳ ಹೆಸರು ಇರಲಿಲ್ಲ. ಯಾಕೆ ದೊಡ್ಡಪ್ಪ ಎಂದು ಕೇಳಿದ್ದಕ್ಕೆ ವಂಶಾವಳಿಯ ಪದ್ಧತಿಯೇ ಹಾಗೆ ಎಂದರು. ಆವತ್ತು ನನಗೆ ಸಿಟ್ಟು ಬಂದಿತ್ತು. ಹೆಸರಿಲ್ಲದ್ದರಿಂದಲೇ ನಮ್ಮ ವಂಶದ ಹೆಣ್ಣುಮಕ್ಕಳು ಸಾಯದೆ ಉಳಿದುಕೊಂಡರು ಎಂದು ಆಮೇಲೆ ಗೊತ್ತಾಯಿತು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಕರಡು ತಿದ್ದಿಕೊಡುತ್ತೇನೆ ಎಂದು ಬಾಯಿಬಿಟ್ಟು ಕೇಳಿದೆ. ಮೂವತ್ತು ವರ್ಷ ತಪ್ಪು ಹಿಡಿದವನಿಗೆ ತಪ್ಪು ಹಿಡಿಯಲು ನೀನು ಕಲಿಸಬೇಕಾ ಎಂಬ ಉತ್ತರ ಬಂತು. ಯಶವಂತಪುರದಲ್ಲಿ ಆಗ ಮೆಟ್ರೋ ಕಂಬಗಳು ಏಳುತ್ತಿದ್ದವು. ಆ ಧೂಳಿನಲ್ಲಿ ಬಸ್ಸು ಬದಲಿಸಿಕೊಂಡು, ಕೈಯಲ್ಲೊಂದು ಸ್ಟೀಲ್ ಸ್ಕೇಲು ಹಿಡಿದುಕೊಂಡು ದೊಡ್ಡಪ್ಪ ನಾಲ್ಕು ಸಲ ಪ್ರೆಸ್ಸಿಗೆ ಹೋಗಿ ಬಂದರು. ನಾಲ್ಕು ಸಲವೂ ಅವರು ಅಳೆದದ್ದು ಮಾರ್ಜಿನ್ನು!

ಪುಸ್ತಕದ ಬಿಡುಗಡೆ ಅವರ ಮನೆಯ ಸತ್ಯನಾರಾಯಣ ಪೂಜೆಯ ದಿನ. ತೆಂಗಿನಕಾಯಿ, ರವಿಕೆ ಕಣ, ಇತಿಹಾಸ ಮೂರನ್ನೂ ಒಂದೇ ಚೀಲದಲ್ಲಿ ಹಾಕಿ ಎಲ್ಲರಿಗೂ ಕೊಟ್ಟರು. ಸಂಜೆ ಐದಕ್ಕೆ ಮೊದಲ ಫೋನು ಬಂತು. ಶೆಟ್ಟಿಹಳ್ಳಿಯ ನಮ್ಮ ದಾಯಾದಿಯೊಬ್ಬರು ಬಹಳ ವಿನಯದಿಂದ ಮಾತಾಡಿದರು: "ಅಣ್ಣ, ಪುಟ ನಲವತ್ತೊಂದರಲ್ಲಿ ನಾನು ತೀರ್ಕೊಂಡಿದೀನಲ್ಲ, ತಿಥಿ ಯಾವತ್ತು ಅಂತ ಕೇಳೋಣ ಅಂತ."

ಪುಟ ನಲವತ್ತೊಂದು ವಂಶಾವಳಿಯ ಕೊನೆಯ ಪುಟ, ದೊಡ್ಡಪ್ಪನ ತಲೆಮಾರಿನದು. ಅಲ್ಲಿದ್ದ ಆರು ಗಂಡಸರ ಹೆಸರಿನ ಹಿಂದೆಯೂ ಅಚ್ಚುಕಟ್ಟಾಗಿ 'ದಿ||' ಎಂದು ಅಚ್ಚಾಗಿತ್ತು. ಲೇಖಕರ ಹೆಸರು ದಪ್ಪಕ್ಷರದಲ್ಲಿ ಬೇರೆಯಾಗಿ ಇದ್ದುದರಿಂದ ಅವರೊಬ್ಬರು ಬದುಕಿಕೊಂಡಿದ್ದರು. ಅವರ ಮೊದಲನೇ ತಮ್ಮ, ಅಂದರೆ ನಮ್ಮಪ್ಪ, ಆ ಆರರಲ್ಲಿ ಒಬ್ಬರು. ಅಪ್ಪನಿಗೆ ತೋರಿಸಿದೆ. ನೋಡಿ, ಹೂಂ ಎಂದು, ಪೇಪರು ಓದುವುದನ್ನು ಮುಂದುವರಿಸಿದರು.

ಮರುದಿನ ದೊಡ್ಡಪ್ಪ ಪ್ರೆಸ್ಸಿನವನ ಮೇಲೆ ಏರಿಹೋದರು. ಅವನು ಜಗಳವಾಡಲಿಲ್ಲ. ಒಳಗಿನಿಂದ ಕರಡಿನ ಹಾಳೆ ತಂದು ಮೇಜಿನ ಮೇಲಿಟ್ಟನಂತೆ. ಹಿಂದಿನ ಪುಟಗಳ ಹೆಸರುಗಳಿಗೆಲ್ಲ 'ದಿ||' ಇದೆ, ಈ ಪುಟಕ್ಕಿಲ್ಲ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ದೊಡ್ಡಪ್ಪನದೇ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಎಲ್ಲ ಪುಟಕ್ಕೂ ಒಂದೇ ಸಮ ಇರಲಿ.' ಅವರು ಹೇಳಿದ್ದು ಮಾರ್ಜಿನ್ನಿಗೆ, ಪ್ರೆಸ್ಸಿನವನು ಸಮ ಮಾಡಿದ್ದು 'ದಿ||'ಯನ್ನು.

ದೊಡ್ಡಪ್ಪ ಮನೆಗೆ ಬಂದು ಎರಡು ದಿನ ಚಪಾತಿಯ ದಪ್ಪ ನೋಡದೆಯೇ ತಿಂದರು. ಮೂರನೇ ದಿನ ತಿದ್ದುಪಡಿ ಚೀಟಿಗಳ ಕಟ್ಟು, ಒಂದು ಗೋಂದಿನ ಡಬ್ಬಿ, ಅದೇ ಸ್ಟೀಲ್ ಸ್ಕೇಲು ಹಿಡಿದು ನಮ್ಮ ಮನೆಗೆ ಬಂದರು. ಚೀಟಿಯಲ್ಲಿ 'ಪುಟ ನಲವತ್ತೊಂದರಲ್ಲಿ ದಿ|| ಎಂದಿರುವ ಕಡೆಗಳಲ್ಲಿ ಶ್ರೀ ಎಂದು ಓದಿಕೊಳ್ಳಬೇಕಾಗಿ ವಿನಂತಿ' ಎಂದಿತ್ತು. ಸತ್ತವರನ್ನು ಬದುಕಿಸಲು ಇಷ್ಟು ಸುಲಭದ ದಾರಿ ಇದೆಯೆಂದು ಯಾರಿಗೆ ಗೊತ್ತಿತ್ತು? ರಜೆಯಲ್ಲಿದ್ದ ನಾನು ಮತ್ತು ನನ್ನ ಸ್ಕೂಟರು ಆ ಸಂಜೀವಿನಿಗೆ ವಾಹನವಾದೆವು.

ಮೊದಲು ಸಹಕಾರನಗರ. ಅಲ್ಲಿನ ದಾಯಾದಿ ಸೋಫಾದ ಮೇಲೆ ಟಿವಿ ನೋಡುತ್ತ ಒರಗಿದ್ದರು. ನಾವು ಬಂದ ಕಾರಣ ಕೇಳಿದ ಅವರ ಹೆಂಡತಿ, ರಿಟೈರ್ ಆದಾಗಿನಿಂದ ಇವರು ಹೀಗೇ ಬಿದ್ದುಕೊಂಡಿದ್ದಾರೆ, ಪುಸ್ತಕದಲ್ಲಿ ಬರೆದದ್ದನ್ನು ತಪ್ಪು ಅಂತ ನಾನಂತೂ ಹೇಳಲಾರೆ ಎಂದರು. ಪುಸ್ತಕ ಎಲ್ಲಿ? ಹುಡುಕಿದರೆ ವಾಷಿಂಗ್ ಮೆಷಿನ್ನಿನ ಕುಂಟು ಕಾಲಿನ ಕೆಳಗೆ ಸಿಕ್ಕಿತು. ದೊಡ್ಡಪ್ಪ ಚೀಟಿ ಅಂಟಿಸಿ, ಅದನ್ನು ತಾವೇ ಬಗ್ಗಿ ಕಾಲಿನ ಕೆಳಗಿಟ್ಟು, ಮೆಷಿನ್ನು ಅಲುಗಾಡಿಸಿ ನೋಡಿ, ಮಟ್ಟ ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟರು.

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಂದು ಆರ್.ಟಿ. ನಗರಕ್ಕೆ ಹೋದರೆ ಅಲ್ಲಿನವರು ಬದುಕಲು ಒಪ್ಪಲೇ ಇಲ್ಲ! ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿಯಾಗಿ ಎಂದು ಜನ ಪ್ರಾಣ ತಿನ್ನುತ್ತಿದ್ದರಂತೆ. ಪುಟ ನಲವತ್ತೊಂದನ್ನು ತೋರಿಸಿದ ಮೇಲೆ ನಕ್ಕು ಬಿಟ್ಟುಬಿಟ್ಟರಂತೆ. "ನಂಗಿದು ಅನುಕೂಲವಾಗಿದೆ ಗುರುವೇ, ಚೀಟಿ ಗೀಟಿ ಹಚ್ಬೇಡ" ಎಂದು ಪುಸ್ತಕವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ಅವರಿಗೆ ಗೊತ್ತಿಲ್ಲದಂತೆ ಬೀರುವಿನ ಬಾಗಿಲಿಗೇ ಒಂದು ಚೀಟಿ ಅಂಟಿಸಿ ದೊಡ್ಡಪ್ಪ ಹೊರಬಂದರು.

ಶೆಟ್ಟಿಹಳ್ಳಿಯ ಇಬ್ಬರು ದಾಯಾದಿಗಳಿಗೂ ಪ್ರಾಣ ಬಂತು. ನಮ್ಮಪ್ಪನಿಗೆ ಪೇಪರಿನ ಮರೆಯಲ್ಲೇ ಬಂತು. ಆರನೆಯವರ ಮಾತು ಬಂದಾಗ ಮಾತ್ರ ದೊಡ್ಡಪ್ಪನಿಗೆ ಸೊಂಟ ಹಿಡಿಯಿತು. ಮರುದಿನ ಬಿಸಿಲು ಜಾಸ್ತಿ ಎಂದರು. ಅದರ ಮರುದಿನ ಗೋಂದು ಒಣಗಿಹೋಗಿದೆ ಎಂದರು. ಸುಳ್ಳುಗಳಲ್ಲೂ ದಿನಕ್ಕೊಂದರಂತೆ ಎಂಥ ಶಿಸ್ತು!

ಆರನೆಯವರು ಅವರ ಕೊನೆಯ ತಮ್ಮ, ನನ್ನ ಚಿಕ್ಕಪ್ಪ. ಶೆಟ್ಟಿಹಳ್ಳಿಯ ಹೊಲ ಲೇಔಟ್ ಆದ ಮೇಲೆ ರಾಜಾನುಕುಂಟೆಯಾಚೆ ಜಮೀನು ಮಾಡಿಕೊಂಡಿದ್ದರು. ಒಂಬತ್ತು ವರ್ಷಗಳಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಕಾರಣ ದೊಡ್ಡಪ್ಪನ ಮಗಳ ಲಗ್ನಪತ್ರಿಕೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಊರವರೆಲ್ಲರ ಹೆಸರಿತ್ತು, ಚಿಕ್ಕಪ್ಪನದು ಬಿಟ್ಟುಹೋಗಿತ್ತು. ಮನೆಗೆ ಬಂದು, ತಪ್ಪಾಯಿತು ಎಂದು ಒಂದು ಮಾತು ಹೇಳಲಿ ಎಂದು ಚಿಕ್ಕಪ್ಪ ಕಾದರು. ದೊಡ್ಡಪ್ಪ ಹೋಗಲಿಲ್ಲ. ಚಿಕ್ಕಪ್ಪ ಮದುವೆಗೆ ಬರಲಿಲ್ಲ.

ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: "ಇಡೀ ಪುಸ್ತಕ ಬರೆದಿದ್ದೇ ತಮ್ಮನ ಹೆಸರು ಒಂದ್ ಕಡೆ ಅಚ್ಚಾಗ್ಲಿ ಅಂತ ಕಣೆ. ಮೊದಲ್ನೇ ಪ್ರತಿ ಅವ್ನಿಗೇ ಕೊರಿಯರ್ ಮಾಡಿದಾರೆ." ಒಂದು ಸಲ ಹೆಸರನ್ನೇ ಬಿಟ್ಟಿದ್ದರು. ಇನ್ನೊಂದು ಸಲ ಹೆಸರು ಹಾಕಿದರು, ಆದರೆ ಹೀಗೆ. ನಾಳೆ ನೀವು ಬರದಿದ್ದರೆ ನಾನೊಬ್ಬಳೇ ಹೋಗಿ ಚೀಟಿ ಅಂಟಿಸಿ ಬರುತ್ತೇನೆ ಎಂದು ದೊಡ್ಡಪ್ಪನಿಗೆ ಖಡಾಖಂಡಿತವಾಗಿ ಹೇಳಿದೆ. ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು.

ಚಿಕ್ಕಪ್ಪ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನೋಡಿದವರೇ ಎದ್ದು ನಿಂತು, ಚಾಪೆಯ ಮೇಲಿನ ಸಿಪ್ಪೆ ಸರಿಸಿ ಜಾಗ ಮಾಡಿದರು. ಪುಸ್ತಕ ಒಳಗಡೆ ದೇವರ ಗೂಡಿನ ಪಕ್ಕದಲ್ಲಿತ್ತು. ಚಿಕ್ಕಮ್ಮ ತಂದುಕೊಟ್ಟಾಗ ನೋಡಿದೆ, ಪುಟಗಳ ಮೂಲೆಗಳೆಲ್ಲ ಮಡಚಿ ಮಡಚಿ ಮೆತ್ತಗಾಗಿದ್ದವು. ನಾನು ಕಂಡ ಪ್ರತಿಗಳಲ್ಲಿ ಯಾರಾದರೂ ಓದಿದ್ದು ಅದೊಂದೇ.

ದೊಡ್ಡಪ್ಪ ನಿಂತುಕೊಂಡೇ ಚೀಟಿಯನ್ನು ಗಟ್ಟಿಯಾಗಿ ಓದತೊಡಗಿದರು. 'ವಿನಂತಿ' ಎಂಬಲ್ಲಿಗೆ ಬಂದು ನಿಲ್ಲಿಸಿದರು. ಚೀಟಿ ಮಡಚಿದರು. "ಅವತ್ತು ಕಾರ್ಡಲ್ಲೂ..." ಎಂದು ಶುರುಮಾಡಿದರು.

ಚಿಕ್ಕಪ್ಪ ಅವರನ್ನು ಮುಂದುವರಿಯಲು ಬಿಡಲಿಲ್ಲ. "ಬುಡಣ್ಣ, ನೀನ್ ಮಾಡಿದ್ದು ಒಳ್ಳೇದೇ ಆಯ್ತು. ಓದ್ ತಿಂಗ್ಳು ತೋಟ್ದಲ್ಲಿ ಕಾಗೆ ಬಂದು ನನ್ ತಲೆಗ್ ಬಡೀತು" ಎಂದರು.

ನಮ್ಮ ಕಡೆ ಕಾಗೆ ತಲೆಗೆ ಬಡಿದರೆ ಮನುಷ್ಯನಿಗೆ ಗಂಡಾಂತರ ಎನ್ನುತ್ತಾರೆ. ಅದು ಕಳೆಯಬೇಕಾದರೆ ಅವನು ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಕೇಳಿದ ಹತ್ತಿರದವರು ನಿಜವೆಂದು ನಂಬಿ ಅತ್ತರೆ ದೋಷ ಹೋಯಿತು.

"ಸತ್ತೋದ ಅಂತ ಸುದ್ದಿ ಯಾರಿಗೆ ಕಳ್ಸೋದು? ನಂಗೋಸ್ಕರ ಅಳೋನು ಅಂದ್ರೆ ನೀನು. ನಿಂಗೆ ಎಂಗೆ ಏಳಿ ಕಳ್ಸೋದು ಅಂತ ಯೋಚ್ನೆ ಮಾಡ್ತಾ ಇದ್ದೆ. ಅಷ್ಟರಲ್ಲಿ ನೀನೇ ಅಚ್ಚಾಕ್ಸಿ ಊರಿಗೆಲ್ಲಾ ಅಂಚಿದ್ದೀಯ" ಎಂದು ಚಿಕ್ಕಪ್ಪ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ದೊಡ್ಡಪ್ಪ ಚಾಪೆಯ ಮೇಲೆ ಕುಸಿದು ಕೂತು, ಸ್ಟೀಲ್ ಸ್ಕೇಲನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಚಿಕ್ಕಪ್ಪ ಅವರೆಕಾಯಿಯ ಮೊರವನ್ನು ಇಬ್ಬರ ಮಧ್ಯಕ್ಕೆ ಎಳೆದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಸುಲಿಯುತ್ತಿದ್ದರು. ಊಟವಾದ ಮೇಲೆ ದೊಡ್ಡಪ್ಪ ಚೀಟಿ ಅಂಟಿಸಿದರು. ಸೊಟ್ಟಗಾಯಿತು. ಕಿತ್ತು ಮತ್ತೆ ಅಂಟಿಸಲಿಲ್ಲ.

ವಾಪಸು ಬರುವಾಗ ಯಲಹಂಕದ ಸಿಗ್ನಲ್ಲಿನಲ್ಲಿ ನಿಂತಾಗ ಬೆನ್ನ ಹಿಂದಿನಿಂದ ದೊಡ್ಡಪ್ಪನ ದನಿ ಕೇಳಿಸಿತು:

"ಕಾಗೆ ಬಡಿದಿದ್ದು ಸುಳ್ಳು ಕಣಮ್ಮ. ಸುಳ್ಳು ಹೇಳುವಾಗ ಅವ್ನು ಮುಖ ನೋಡಲ್ಲ, ಚಿಕ್ಕಂದಿನಿಂದ್ಲೂ ಅಷ್ಟೆ."

ಗೊತ್ತಿದ್ದೂ ಅಷ್ಟು ಅತ್ತಿರಲ್ಲ ದೊಡ್ಡಪ್ಪ ಎಂದೆ.

"ಒಂದು ತಪ್ಪಾಯ್ತು ಅನ್ನೋಕೆ ನಾನು ಒಂಬತ್ತು ವರ್ಷ ತಗೊಂಡೆ. ಅದನ್ನೂ ನನ್ ಬಾಯಲ್ಲಿ ಹೇಳಿಸ್ಬಾರ್ದು ಅಂತ ಅವ್ನು ಒಂದ್ ನಿಮಿಷದಲ್ಲಿ ಕಾಗೆ ಕರ್ಕೊಂಡ್ ಬಂದ."

ಸಿಗ್ನಲ್ಲು ಬಿಟ್ಟಿತು. ಹಿಂದಿನವರು ಹಾರನ್ನು ಹೊಡೆಯುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ, ದೊಡ್ಡಪ್ಪ ಇಸ್ತ್ರಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅದು ಮುಗಿಯುವವರೆಗೂ ನಾನು ಗಾಡಿಯನ್ನು ಮುಂದಕ್ಕೆ ಬಿಡಲಿಲ್ಲ.