ಚಿಕ್ಕಪ್ಪ ತಿಂದ ಕರಡಿ

ನಮ್ಮ ಚಿಕ್ಕಪ್ಪನ ಜೊತೆ ಊಟಕ್ಕೆ ಕೂತವರು ಹಸಿದು ಸಾಯಬಹುದೇ ಹೊರತು ಹೊಟ್ಟೆ ಕೆಟ್ಟು ಸಾಯಲಾರರು! ಲಂಡನ್ನಿನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದ ಅವರ ಜೇಬಿನಲ್ಲಿ ಪೆನ್ನಿನ ಬದಲು ಮಾಂಸದ ಬಿಸಿ ಅಳೆಯುವ ಥರ್ಮಾಮೀಟರ್ ಇರುತ್ತದೆ. ಲಂಡನ್ನಿನಲ್ಲೇ ನಾವಿರುವ ಕ್ರೋಯ್ಡನ್ನಿನಲ್ಲಿ ನೆಂಟರ ಮದುವೆಯ ದಿನ ಹಂದಿ ಮಾಂಸದ ಹಂಡೆಗೇ ಅದನ್ನು ಚುಚ್ಚಿ, "ನಡುವೆ ಬೆಂದಿಲ್ಲ, ಮತ್ತೆ ಒಲೆಗೆ ಇಡಿ" ಎಂದುಬಿಟ್ಟರು. ಜನರೆಲ್ಲ ತಟ್ಟೆ ಹಿಡಿದು ನಿಂತಿದ್ದಾರೆ! ಮದುಮಗಳ ಅಪ್ಪ ಕೈಮುಗಿದರು: "ಮಾರಾಯ್ರೇ, ಇವತ್ತು ಮಗಳ ಮದುವೆ!"

"ಅದಕ್ಕೇ ಹೇಳುವುದು. ನಾಳೆ ಇದೇ ಚರ್ಚಿಗೆ ಎಲ್ಲರೂ ಪೆಟ್ಟಿಗೆಯಲ್ಲಿ ಬರುವುದು ಬೇಡ."

ಇಂಥವರ ಒಬ್ಬಳೇ ಮಗಳು ಕೆನಡಾದಲ್ಲಿ ಬೇಟೆಯ ಹುಚ್ಚಿನವನೊಬ್ಬನನ್ನು ಮದುವೆಯಾದಳು. ಚಿಕ್ಕಪ್ಪ ಮದುವೆಗೆ ಹೋಗಲಿಲ್ಲ. ಆರು ವರ್ಷ ಅಪ್ಪ-ಮಗಳಿಗೆ ಮಾತೂ ಇರಲಿಲ್ಲ. ಕಳೆದ ವರ್ಷ ಅವಳೇ ಕರೆದಾಗ ಹೋದರು. ಅಲ್ಲಿಂದ ನನಗೆ ಫೋನು.

"ಅಳಿಯ ಕರಡಿ ಹೊಡೆದಿದ್ದಾನೆ ಮಾರಾಯ್ತಿ! ಅದರ ಮಾಂಸದಲ್ಲಿ ಕಣ್ಣಿಗೆ ಕಾಣದ ಹುಳ ಇರ್ತದೆ. ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ, ಹೊಗೆಯಲ್ಲಿ ಒಣಗಿಸಿದರೂ ಸಾಯುವುದಿಲ್ಲ. ಒಳಗೆ ಎಪ್ಪತ್ತೈದು ಡಿಗ್ರಿ ಆಗಬೇಕು. ನೆನಪಿಟ್ಟುಕೋ!"

ಟ್ರಾಮಿನಲ್ಲಿ ನಿಂತು ಹೂಂಗುಟ್ಟಿದೆ. ಕ್ರೋಯ್ಡನ್ನಿನಲ್ಲಿ ನನಗೆ ಕರಡಿ ಕೊಡುವವರು ಯಾರು?

ಮರಳಿ ಬಂದ ಎರಡನೇ ವಾರ ಚಿಕ್ಕಪ್ಪನಿಗೆ ಜ್ವರ ಬಂತು. ಕಣ್ಣರೆಪ್ಪೆ ಊದಿಕೊಂಡವು. ಮೈಯೆಲ್ಲ ನೋವು, ಚಹಾದ ಕಪ್ಪು ಎತ್ತಲೂ ಆಗದು. ಅಲ್ಲೇನು ತಿಂದಿರಿ ಎಂದರೆ, "ಆಲೂಗಡ್ಡೆ" ಎಂದರು. ಆಲೂಗಡ್ಡೆಗೆ ಈ ಗತಿಯೇ! ನಾನೇ ನಮ್ಮ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿ, ಚಿಕ್ಕಪ್ಪ ಕರಡಿ ತಿಂದಿರಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಬಿಯರಾ?" ಎಂದಳು ರಿಸೆಪ್ಷನಿಸ್ಟ್.

"ಬಿಯರಲ್ಲ, ಬೇರ್! ಕಾಡಿನಲ್ಲಿರುತ್ತದಲ್ಲ, ಅದು!"

"ಮೇಡಂ, ಕುಡಿದಿರುವುದು ನೀವಾ?"

ನಗು ಅಲ್ಲಿಗೆ ಮುಗಿಯಿತು. ಆಸ್ಪತ್ರೆಗೆ ಸೇರಿಸಿದರು. ಹುಳದ ಮರಿಗಳು ಮಾಂಸಖಂಡಗಳಿಗೆ ಇಳಿದಿವೆ, ಹೃದಯಕ್ಕೂ ಬಾವು ಬಂದಿದೆ, ಏನೂ ಹೇಳಲಾರೆವು ಎಂದರು ಡಾಕ್ಟರು. ಜೊತೆಗೆ ಉಂಡವರ ರಕ್ತವನ್ನೂ ಪರೀಕ್ಷಿಸಬೇಕಂತೆ. ಕೆನಡಾಕ್ಕೆ ಹೇಳಿ ಕಳಿಸಿದೆ. ದಿನಗಳು ಕಳೆದರೂ ಜ್ವರ ಇಳಿಯಲಿಲ್ಲ. ಹಾಸಿಗೆಯ ಪಕ್ಕ ಕೂತು ಕೂತು ನನಗೆ ಪ್ರಾರ್ಥನೆಯೂ ಬಾಯಿಗೆ ಬರದಾಯಿತು, ಬರೀ ಸಿಟ್ಟು ಬಂತು.

"ಊರಿಗೆಲ್ಲ ಬುದ್ಧಿ ಹೇಳುವ ನೀವೇ ಹಸಿಮಾಂಸ ತಿಂದಿರಾ? ಗೊತ್ತಾಗಲಿಲ್ಲವಾ?"

"ಗೊತ್ತಾಗದೆ ಎಂಥ? ಕೊಯ್ದ ಕೂಡಲೇ ನೋಡಿದೆ. ನಡುವೆ ಕೆಂಪಿತ್ತು."

"ಮತ್ತೆ?"

ಚಿಕ್ಕಪ್ಪ ಗೋಡೆಯ ಕಡೆ ತಿರುಗಿದರು. "ಅಳಿಯ ಮೊದಲ ತುಂಡು ನನ್ನ ತಟ್ಟೆಗೆ ಹಾಕಿ 'ಪಪ್ಪಾ' ಅಂದ. ಮಗಳು ನನ್ನ ಮುಖವನ್ನೇ ನೋಡ್ತಾ ನಿಂತಿದ್ದಳು. ಆರು ವರ್ಷದ ಮೇಲೆ ಬಡಿಸಿದ್ದನ್ನು ಬೆಂದಿಲ್ಲ ಅನ್ನುವುದು ಹೇಗೆ? ತಿಂದೆ. ಆಮೇಲೆ, ನಮ್ಮ ಮಂಗಳೂರು ಮಸಾಲೆ ಹಾಕ್ತೇನೆ ಅಂತ ಹೇಳಿ ಉಳಿದದ್ದನ್ನೆಲ್ಲ ಒಲೆಗಿಟ್ಟೆ. ಎರಡು ಗಂಟೆ ಕುದಿಸಿದೆ." ತಡೆದು ಕೇಳಿದರು: "ಅವರ ರಿಪೋರ್ಟ್ ಬಂತಾ?"

"ಬಂತು. ಇಬ್ಬರಿಗೂ ಏನೂ ಇಲ್ಲವಂತೆ."

ಊದಿದ ರೆಪ್ಪೆಗಳ ಸಂದಿಯಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಅವರ ಕೈ ಏಳಲಿಲ್ಲ. ನಾನೇ ಒರೆಸಿದೆ.